ಹೆಸರು ಗೊತ್ತಿಲ್ಲದವರ ಚಿತ್ರಗಳು

ಕೆಳಗೆ ಕೂರಲು ಒಂದು ಕುರ್ಚಿ ಸಿಕ್ಕಿದ್ದರೆ ಮಹಾನಂದಾ ಆ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ...

ಧಾರವಾಡದ ಆ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಇಳಕಲ್ ಸೀರೆಗಳ ಸೇಲ್. ಮಗಳು ಸವಿತಾ ಸೀರೆ ಆರಿಸುವುದರಲ್ಲಿ ಮುಳುಗಿದ್ದಳು. ಅರವತ್ತು ದಾಟಿದ ಮಹಾನಂದಾಗೆ ಆ ನೂಕುನುಗ್ಗಲು ಸಾಕಾಗಿ, ಒಂದಿಷ್ಟು ಸುಧಾರಿಸಿಕೊಳ್ಳೋಣವೆಂದು ಮೇಲೆ ಬಂದಳು.

ಅಲ್ಲೊಂದು ಆರ್ಟ್ ಗ್ಯಾಲರಿ. ಇದ್ದಿಲಿನಲ್ಲಿ ಬರೆದ ಚಿತ್ರಗಳ ಪ್ರದರ್ಶನ. ಮೂಲೆಯಲ್ಲಿ ಕೂತ ಒಬ್ಬ ಮುದುಕರನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ.

ಚಿತ್ರಗಳನ್ನು ಜೋಡಿಜೋಡಿಯಾಗಿ ತೂಗುಹಾಕಿದ್ದರು. ಒಂದರಲ್ಲಿ ಬರೀ ವಸ್ತುಗಳು... ಪಟ್ಟಿ ಕಿತ್ತ ಚಪ್ಪಲಿ, ಮುರಿದ ಬಾಚಣಿಗೆ, ಮುಚ್ಚಳವಿಲ್ಲದ ಊಟದ ಡಬ್ಬಿ. ಪಕ್ಕದಲ್ಲೊಂದು ಮುಖ.

ಕೆಳಗೆ ಒಂದು ತಾರೀಖು. ಮತ್ತೆ ಎಲ್ಲದಕ್ಕೂ ಒಂದೇ ಸಾಲು: "ಹೆಸರು ಗೊತ್ತಿಲ್ಲ."

"ಇವ್ರೆಲ್ಲಾ ಯಾರ್ರೀ?"

"ವಾರಸುದಾರರಿಲ್ದ ಸತ್ತವ್ರು, ಅವ್ವಾರ." ಮುದುಕರು ಎದ್ದು ಬಂದರು. ಅವರು ದಸ್ತಗೀರ ಮಾಸ್ತರರು, ರಿಟೈರ್ ಆದ ಡ್ರಾಯಿಂಗ್ ಟೀಚರ್. "ದವಾಖಾನಿಗೆ ಹೋಗಿ, ಮಣ್ಣು ಮಾಡೂಕಿಂತ ಮೊದ್ಲ ಮುಖಾ ಬರ್ಕೊಂಡ ಬರ್ತೀನ್ರಿ. ಕಿಸೇದಾಗ ಏನಿತ್ತೋ ಅದನ್ನೂ. ಯಾರರೆ ಬಂದು ಗುರುತು ಹಿಡದಾರು ಅಂತ..."

ಮಹಾನಂದಾ ಸರ್ರನೆ ಹಿಂದೆ ಸರಿದಳು. ಹೊಸ ಸೀರೆ ಕೊಳ್ಳಲು ಬಂದ ದಿನ ಇದೆಂಥ ಅಪಶಕುನ! ತಿರುಗಿ ಹೊರಟೇಬಿಟ್ಟಳು.

ಬಾಗಿಲ ಪಕ್ಕದ ಚಿತ್ರದ ಮುಂದೆ ಮಾತ್ರ ಕಾಲು ಮುಂದೆ ಸಾಗಲಿಲ್ಲ.

ಹಾಸಿದ ಕರವಸ್ತ್ರ. ಅದರ ಮೇಲೆ ಒಂದು ಹಿಡಿ ಅಂಗಿ ಗುಂಡಿಗಳು... ದೊಡ್ಡವು, ಸಣ್ಣವು, ಒಂದರಂತೆ ಇನ್ನೊಂದಿಲ್ಲ.

ಪಕ್ಕದ ಮುಖ ನೋಡುವ ಅಗತ್ಯವೇ ಇರಲಿಲ್ಲ. ಆದರೂ ನೋಡಿದಳು.

ಗುರುಪಾದ. ಅವಳ ಒಡಹುಟ್ಟಿದ ತಮ್ಮ.

ಮೈ ಬೆಳೆದರೂ ಬುದ್ಧಿ ಬೆಳೆಯದ ತಮ್ಮ. ತಾಯಿ ಸತ್ತ ಮೇಲೆ ಹದಿನಾಲ್ಕು ವರ್ಷ ಅವನಿಗೆ ನೀರೆರೆದು, ಉಣಿಸಿ, ಸಾಕಿದವಳು ಅವಳೇ. ದಾರಿಯಲ್ಲಿ ಬಿದ್ದ ಗುಂಡಿ ಕಂಡರೆ ಸಾಕು, ಆಯ್ದು ಕಿಸೆಗೆ ಹಾಕಿಕೊಳ್ಳುತ್ತಿದ್ದ.

ಹನ್ನೊಂದು ವರ್ಷದ ಹಿಂದೆ ಸವಿತಾಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಇವನು ಕಣ್ಣಿಗೆ ಬಿದ್ದರೆ ಸಂಬಂಧ ತಪ್ಪೀತು ಎಂಬ ಅಂಜಿಕೆ... "ಇವತ್ತ ಹೊರಗ ಇರಪ್ಪಾ. ಸಂಜಿ ಆದಮ್ಯಾಲ ಬಾ," ಎಂದು ಅಕ್ಕನೇ ಕಳಿಸಿ ಬಾಗಿಲು ಹಾಕಿದ್ದಳು.

ಸಂಜೆಯಾಯಿತು... ಅವನು ಬರಲಿಲ್ಲ.

ಪೊಲೀಸರಿಗೆ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ನಿಶ್ಚಯ ಮುಗಿಯಲಿ ಅಂದರು ಮನೆಯವರು. ಆಮೇಲೆ ಮದುವೆ ಮುಗಿಯಲಿ ಅಂದರು. ಆಮೇಲೆ ಯಾರೂ ಆ ಮಾತೇ ಎತ್ತಲಿಲ್ಲ.

"ಇದನ್ನ... ಯಾವಾಗ ಬರದ್ರಿ?" ಅವಳು ಮಾಸ್ತರರತ್ತ ತಿರುಗಿದಳು.

"ಹನ್ನೊಂದು ವರ್ಷಾತ್ರಿ. ಇವನೊಬ್ಬನ್ನ ಜೀವ ಇದ್ದಾಗ ಬರದೇನ್ರಿ. ಲಾರಿ ಬಡದಿತ್ತು. ಮೂರು ದಿನ ವಾರ್ಡಿನ್ಯಾಗಿದ್ದ. ಹೆಸರು ಕೇಳಿದ್ರ ಇಲ್ಲ, ಮನಿ ಕೇಳಿದ್ರ ಇಲ್ಲ. ಯಾರು ಹತ್ರ ಬಂದ್ರೂ ಒಂದ ಮಾತು... 'ಸಂಜಿ ಆತೇನ್ರಿ?'"

ಮಹಾನಂದಾ ಚಿತ್ರದ ಗುಂಡಿಗಳ ಮೇಲೆ ಬೆರಳಿಟ್ಟಳು.

"ಸಂಜಿ ಆದ್ರ ಅಕ್ಕ ಬಾಗಲಾ ತಗೀತಾಳ ಅಂತಿದ್ದ, ಪಾಪ."

ಆ ಆಸ್ಪತ್ರೆ ಅವಳ ಮನೆಯಿಂದ ಎರಡೇ ಕಿಲೋಮೀಟರು...

"ಎಲ್ಲಿ ಮಣ್ಣು ಮಾಡಿದ್ರು?"

"ಊರ ಹೊರಗ್ರಿ. ನಂಬರ್ ಬರದು ಒಂದು ಕಲ್ಲು ನೆಟ್ಟಿದ್ರು... ಈಗ ಆ ಕಲ್ಲೂ ಇಲ್ಲ." ಮಾಸ್ತರರು ಅವಳ ಮುಖವನ್ನೇ ನೋಡಿದರು. ಅವರಿಗೆ ತಿಳಿದುಹೋಯಿತು. ಮೆಲ್ಲಗೆ ಮುಖದ ಚಿತ್ರವನ್ನು ಗೋಡೆಯಿಂದ ಇಳಿಸಿ ಅವಳ ಕೈಗಿಟ್ಟರು. "ಇವು ಮಾರಾಕಲ್ರಿ, ಅವ್ವಾರ. ಮನಿಯವ್ರು ಬಂದ್ರ ಕೊಡಾಕ. ಹೆಸರಷ್ಟು ಹೇಳ್ರಿ, ಸಾಕು."

ಅವಳು ಹೇಳಬೇಕೆನ್ನುವಷ್ಟರಲ್ಲಿ ಚೀಲ ಹಿಡಿದುಕೊಂಡು ಸವಿತಾ ಮೇಲೆ ಬಂದಳು.

"ಅವ್ವಾ! ಎಷ್ಟೊತ್ತಿಂದ ಹುಡಕಾಕತ್ತೀನಿ ನಿನ್ನ!"

ಅವಳ ಕಣ್ಣು ಚಿತ್ರದ ಮೇಲೆ ಬಿತ್ತು.

"ಇದು... ಗುರು ಮಾಮಾ ಅಲ್ಲಾ? ಆಶ್ರಮದಾಗ ತೀರ್ಕೊಂಡಾ ಅಂತ ಹೇಳಿದ್ದಿ?"

ಇನ್ನೊಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಮಹಾನಂದಾಗೆ ಆಗಲಿಲ್ಲ.

"ಆಶ್ರಮಕ್ಕ ಎಂದೂ ಕಳಿಸಿಲ್ಲವ್ವಾ... ನಿನ್ನ ನೋಡಾಕ ಬಂದ ದಿನ ನಾನ ಅವನ್ನ ಹೊರಗ ಹಾಕಿದೆ. ಆಮ್ಯಾಲ... ಹುಡುಕಲೂ ಇಲ್ಲ."

ಸವಿತಾಳ ಕೈಯಿಂದ ಸೀರೆಯ ಚೀಲ ಜಾರಿತು.

"ನನ್ನ ಸಲುವಾಗಿ?"

ಅಷ್ಟೇ ಕೇಳಿದಳು.

ಮಹಾನಂದಾ ಆ ಚಿತ್ರವನ್ನು ಎದೆಗವಚಿಕೊಂಡು ನೆಲದ ಮೇಲೆ ಕುಸಿದಳು. ಮಾಸ್ತರರು ನೀರು ತಂದುಕೊಟ್ಟರು... ಅದನ್ನು ಮುಟ್ಟದೆ ಅವಳು ಹೆಸರಷ್ಟೇ ಹೇಳಿದಳು: "ಗುರುಪಾದ."

ನಮ್ಮವರನ್ನು ಮರೆಮಾಡಿ ಉಳಿಸಿಕೊಂಡ ಮರ್ಯಾದೆ, ಒಂದು ದಿನ ನಮ್ಮ ಮುಖಕ್ಕೇ ಮಸಿ ಬಳಿಯುತ್ತದೆ.

ಮನೆಗೆ ನಾಲ್ಕು ಜನ ಬಂದಾಗ, "ನೀ ಸ್ವಲ್ಪ ಒಳಗಿರು" ಎಂದು ನಾವು ಕಳಿಸುವವರು ಯಾರಾದರೂ ಇದ್ದಾರೆಯೇ? ಅವರನ್ನು ಮತ್ತೆ ಹೊರಗೆ ಕರೆಯಲು ನಾವು ಯಾವಾಗ ಹೋಗುತ್ತೇವೆ...?