ಎರಡು ಕೊಟೇಶನ್

ಕನ್ನಡಕದಂಗಡಿಯ ಹಿಂದಿನ ಕೋಣೆಯ ಬಾಗಿಲು ತಳ್ಳಿದ ಅಕ್ಕ, ಒಳಗೆ ಕೂತಿದ್ದವಳನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಎರಡು ವರ್ಷ ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ ಹುಡುಗಿ. ಸ್ವಂತಕ್ಕೆ ಏನಾದರೂ ಮಾಡುತ್ತೇನೆಂದು ಆರು ತಿಂಗಳ ಹಿಂದೆ ಹೊರಟುಹೋದವಳು. ಕೂತಲ್ಲಿ ಕೂರದೆ ಚಡಪಡಿಸುತ್ತಿದ್ದಳೆಂದು ಅಕ್ಕನೇ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದಳು. ಈಗ ಗುಬ್ಬಿ ಮಿಸುಕಲಿಲ್ಲ. ಮಡಿಲಲ್ಲಿದ್ದ ಬ್ಯಾಗಿನ ಜಿಪ್ಪನ್ನೇ ನೋಡುತ್ತಿದ್ದಳು.

"ಬನ್ನಿ ಮೇಡಂ, ಕೂತ್ಕೊಳ್ಳಿ," ಎಂದ ಅಂಗಡಿಯ ಯಜಮಾನ. "ನೀವಿಬ್ಬರೂ ಗೊತ್ತಿರೋರೇ ಅಲ್ವಾ, ಅದಕ್ಕೇ ಒಟ್ಟಿಗೆ ಕರೆಸಿದೆ. ಮುಚ್ಚುಮರೆ ಯಾಕೆ?"

ಆತನ ಮೂರು ಅಂಗಡಿಗಳ ವೆಬ್‌ಸೈಟು, ಫೋನಿನಲ್ಲಿ ಬರುವ ಜಾಹೀರಾತು, ಎಲ್ಲವೂ ನಾಲ್ಕು ವರ್ಷದಿಂದ ಅಕ್ಕನ ಕೈಕೆಲಸ. ನೌಕರಿ ಬಿಟ್ಟು ಸ್ವಂತ ಕೆಲಸಕ್ಕಿಳಿದಿದ್ದ ಅವಳ ಒಲೆ ಅರ್ಧಪಾಲು ಉರಿಯುತ್ತಿದ್ದದ್ದೂ ಇಲ್ಲಿಂದಲೇ. ಹೊಸ ಕರಾರಿಗೆ ತಿಂಗಳಿಗೆ ಇಪ್ಪತ್ನಾಲ್ಕು ಸಾವಿರ ಎಂದು ಬರೆದು ಕಳಿಸಿದ್ದಳು. ಯಜಮಾನ ಕೊಸರಾಡದೆ ಬಿಡುವವನಲ್ಲ. ಹಾಗಾಗಿ ಹದಿನೆಂಟು ಎಂದು ಬರೆದ ಇನ್ನೊಂದು ಹಾಳೆಯೂ ಚೀಲದಲ್ಲಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಇವರು ಎಂಟು ಅಂತಾರೆ." ಯಜಮಾನ ಕನ್ನಡಕವೊಂದನ್ನು ಬಟ್ಟೆಯಿಂದ ಒರೆಸುತ್ತ, ಗಾಜಿನ ಜೊತೆಗೇ ಮಾತಾಡುವವನಂತೆ ಹೇಳಿದ. "ಅದೇ ಕೆಲಸ. ಕಲಿಸಿದವರೂ ನೀವೇ. ಹದಿನಾರು ಸಾವಿರ ನಾನು ಯಾತಕ್ಕೆ ಜಾಸ್ತಿ ಕೊಡ್ಲಿ? ನೀವು ಏಳಕ್ಕೆ ಬಂದ್ರೆ ನಿಮಗೇ ಕೊಡ್ತೀನಿ. ಹಳಬರು ಅನ್ನೋ ಮರ್ಯಾದೆ ನನಗೂ ಇದೆ."

ಅಕ್ಕನ ಕೈ ತಾನಾಗಿ ಚೀಲದೊಳಗೆ ಹೋಯಿತು. ಆದರೆ ಎಂಟರ ಮುಂದೆ ಹದಿನೆಂಟಕ್ಕೂ ಬೆಲೆಯಿರಲಿಲ್ಲ. "ಅವಳ ಕೊಟೇಶನ್ ಸ್ವಲ್ಪ ನೋಡ್ಬಹುದಾ?" ಎಂದಳು. ಯಜಮಾನ ಖುಷಿಯಿಂದಲೇ ಹಾಳೆ ದೂಡಿದ.

ಅವೇ ಗೆರೆಗಳು, ಅವೇ ಅಕ್ಷರಗಳು, 'ಎಷ್ಟು ಸಲ ತಿದ್ದಿದರೂ ಉಚಿತ' ಎಂಬ ಅದೇ ಮಾತು. ಆರು ವರ್ಷದ ಹಿಂದೆ, ಮೊದಲ ಗಿರಾಕಿ ಸಿಕ್ಕಿದರೆ ಸಾಕಪ್ಪಾ ಎಂದು ತಾನೇ ಕಣ್ಣುಮುಚ್ಚಿ ಬರೆದಿದ್ದ ಹಾಳೆ. ಕೆಳಗಿನ ಹೆಸರೊಂದೇ ಬೇರೆ.

"ಇದು ಎಲ್ಲಿ ಸಿಕ್ತು ನಿಂಗೆ?"

"ನೀವೇ ಕೊಟ್ಟಿದ್ರಿ ಅಕ್ಕ, ಮಾದರಿಗೆ ಇಟ್ಕೋ ಅಂತ." ಗುಬ್ಬಿ ಬ್ಯಾಗಿನ ಜಿಪ್ಪು ಎಳೆದಳು, ಮತ್ತೆ ಮುಚ್ಚಿದಳು. "ಶುರು ಮಾಡೋರು ಇಷ್ಟೇ ಕೇಳ್ಬೇಕೇನೋ ಅಂದ್ಕೊಂಡೆ. ಎರಡು ತಿಂಗಳಿಂದ ಬಾಡಿಗೆ ಕಟ್ಟಿಲ್ಲ. ನಿಮ್ಮ ಕೆಲಸ ಅಂತ ಗೊತ್ತಿತ್ತು. ಗೊತ್ತಿದ್ದೇ ಬಂದೆ."

ಕೆನ್ನೆಗೆ ಒಂದು ಬಿಗಿಯಬೇಕೆನ್ನಿಸಿತು ಅಕ್ಕನಿಗೆ. ಯಾರ ಕೆನ್ನೆಗೆ ಎಂಬುದು ಮಾತ್ರ ಹೊಳೆಯಲಿಲ್ಲ. ಚೀಲದೊಳಗಿನ ಹದಿನೆಂಟರ ಹಾಳೆಯನ್ನು ಬೆರಳುಗಳು ಮೆಲ್ಲಗೆ ಮುದುರಿ ಉಂಡೆ ಮಾಡಿದವು.

"ಈ ರೇಟಿಗೆ ನಾನು ಹದಿಮೂರು ತಿಂಗಳು ದುಡಿದೆ, ಗುಬ್ಬಿ. ಒಂದಿನ ಕೂತು ಗಂಟೆಗೆಷ್ಟು ಬೀಳುತ್ತೆ ಅಂತ ಭಾಗಿಸಿ ನೋಡ್ದೆ. ನಮ್ಮ ಮೆಟ್ಟಿಲು ಗುಡಿಸ್ತಿದ್ದೋರಿಗೆ ನನಗಿಂತ ಜಾಸ್ತಿ ಬೀಳ್ತಿತ್ತು. ಹಲ್ಲುನೋವು ಬಂದಾಗ ಡಾಕ್ಟರ ಹತ್ರ ಹೋಗೋಕೆ ಕಾಸಿಲ್ಲದೆ ಲವಂಗ ಕಚ್ಕೊಂಡು ಕೂತೆ. ಕೊನೆಗೆ ಎರಡು ಹಲ್ಲು ಕೀಳಿಸಬೇಕಾಯ್ತು. ಮಾದರಿ ಕೊಟ್ಟೆನಲ್ಲ, ಅದರಲ್ಲಿ ಇದನ್ನ ಬರೆದಿರ್ಲಿಲ್ಲ."

"ಇದೇನು ಇಸ್ಕೂಲಾ ಮೇಡಂ?" ಯಜಮಾನ ಗಡಿಯಾರ ನೋಡಿದ. "ಹೊರಗೆ ಗಿರಾಕಿಗಳು ಕಾಯ್ತಿದಾರೆ. ಏನಮ್ಮ, ಎಂಟಕ್ಕೆ ಮಾಡ್ತೀಯಾ? ಮಾಡೋದಾದ್ರೆ ಸಹಿ ಹಾಕು." ಪೆನ್ನು ಗುಬ್ಬಿಯ ಮುಂದೆ ಬಂತು.

ಗುಬ್ಬಿ ತೆಗೆದುಕೊಂಡಳು. ಅಕ್ಕ ಎದುರಿನ ಗೋಡೆಯ ಕಡೆ ಮುಖ ತಿರುಗಿಸಿದಳು. ಕಣ್ಣು ಪರೀಕ್ಷೆಯ ಫಲಕದ ಅಕ್ಷರಗಳನ್ನು ಮೇಲಿನಿಂದ ಓದುತ್ತ ಬಂದಳು. ನಾಲ್ಕನೆಯ ಸಾಲಿಗೆ ಎಲ್ಲವೂ ಕಲಸಿಕೊಂಡವು. ಹುಡುಗಿ ಸಹಿ ಹಾಕಿದರೂ ತಪ್ಪೆನ್ನುವಂತಿರಲಿಲ್ಲ. ಹಸಿದವರಿಗೆ ಪಥ್ಯ ಹೇಳಿದರೆ ಯಾರು ಕೇಳುತ್ತಾರೆ? ಪೆನ್ನು ಕಾಗದದ ಮೇಲೆ ಕರಕರ ಎಂದಿತು. ಒಂದು ಸಹಿಗೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು.

ಯಜಮಾನ ಹಾಳೆ ಎಳೆದುಕೊಂಡು ಕನ್ನಡಕ ಏರಿಸಿದ. ಎಂಟರ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಹೊಸ ಅಂಕಿ. "ಇಪ್ಪತ್ತೇಳು? ಇವರಿಗಿಂತ ಮೂರು ಜಾಸ್ತಿ? ತಮಾಷೆ ಮಾಡ್ತೀಯಾ?"

"ಇಲ್ಲ ಸರ್." ಗುಬ್ಬಿ ಪೆನ್ನನ್ನು ಆತನ ಕಡೆಗೆ ಸರಿಸಿದಳು. "ಊಟಕ್ಕೆ ಕೂತಾಗ, ಮನೆಗೆ ಹೊರಟು ಮೆಟ್ಟಿಲು ಇಳಿಯುವಾಗ ನಿಮ್ಮ ಫೋನ್ ಬರೋದು. ಆ ಫೋಟೋ ತೆಗೀರಿ, ಈ ಬಣ್ಣ ಬದಲಾಯಿಸಿ, ಈಗಲೇ ಆಗ್ಬೇಕು ಅಂತ. ಅಕ್ಕ ಅರ್ಧ ಊಟಕ್ಕೇ ಎದ್ದು ಹೋಗೋರು. ಎರಡು ವರ್ಷ ಪಕ್ಕದಲ್ಲೇ ಕೂತು ನೋಡಿದೀನಿ. ಆ ಫೋನಿಗೆ ಮೂರು. ಅವರು ಅದನ್ನ ಯಾವತ್ತೂ ಹಾಕಿಲ್ಲ."

ಯಜಮಾನ ಗುಬ್ಬಿಯನ್ನು ನೋಡಿದ, ಅಕ್ಕನನ್ನು ನೋಡಿದ, ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಅಳೆದೂ ಸುರಿದೂ ನೋಡಿದ. ಆಮೇಲೆ, ವ್ಯಾಪಾರದಲ್ಲಿ ಯಾವತ್ತೂ ಸೋತವನಲ್ಲದ ಆ ಮನುಷ್ಯ ಅಕ್ಕನ ಹಾಳೆಯನ್ನು ಸರಕ್ಕನೆ ತನ್ನ ಕಡೆಗೆ ಎಳೆದುಕೊಂಡ.

"ಹೋಗ್ಲಿ ಬಿಡಿ, ಇಪ್ಪತ್ನಾಲ್ಕೇ ವಾಸಿ. ಎಲ್ಲಿ ಸಹಿ ಹಾಕ್ಬೇಕು?"

ಪೆನ್ನು ಕಾಗದ ಮುಟ್ಟುವ ಮೊದಲೇ ಅಕ್ಕನ ಅಂಗೈ ಅಲ್ಲಿ ಬಿದ್ದಿತ್ತು.

"ಒಂದು ನಿಮಿಷ ಸರ್," ಎಂದಳು. "ಅದರಲ್ಲಿ ಒಂದು ಸಾಲು ಬಿಟ್ಟುಹೋಗಿದೆ."