ವಾಷಿಂಗ್ಟನ್ ಮಾದರಿ ವಿದಾಯ

ಸಮಸ್ತ ಭೂಮಂಡಲಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನೈರೋಬಿಯ ತುಂಗಭದ್ರಾ ಕನ್ನಡ ಬಳಗದ ಅಧ್ಯಕ್ಷರಾದ ಶ್ರೀಮಾನ್ ಉಮಾಕಾಂತ ಅವರು ಎರಡು ಅವಧಿಗಳ ನಿರಂತರ ಸೇವೆಯ ನಂತರ ಅಧ್ಯಕ್ಷ ಪೀಠವನ್ನು ತ್ಯಜಿಸಲು ತೀರ್ಮಾನಿಸಿದರು. ಪೀಠವೆಂದರೆ, ಪಾರ್ಕ್‌ಲ್ಯಾಂಡ್ಸ್‌ನ ಬಾಡಿಗೆ ಹಾಲಿನಲ್ಲಿ ಮೊದಲ ಸಾಲಿಗೆ ಹಾಕುವ, ಕೈ ಇರುವ ಪ್ಲಾಸ್ಟಿಕ್ ಕುರ್ಚಿ. ಉಳಿದವರ ಕುರ್ಚಿಗಳಿಗೆ ಕೈ ಇರಲಿಲ್ಲ.

ತೀರ್ಮಾನ ಮೊದಲು ಪ್ರಕಟವಾದದ್ದು ಭಾನುವಾರ ಬೆಳಿಗ್ಗೆ, ಅವರ ಮನೆಯ ಡೈನಿಂಗ್ ಟೇಬಲ್ಲಿನಲ್ಲಿ.

"ಅಮೆರಿಕದ ಮೊದಲನೇ ಪ್ರೆಸಿಡೆಂಟ್ ವಾಷಿಂಗ್ಟನ್ ಏನ್ ಮಾಡ್ದ ಗೊತ್ತಾ ವಿಶಾಲೂ? ಎರಡು ಸಲ ಅವಿರೋಧ ಆಯ್ಕೆ. ಇನ್ನೊಂದ್ಸಲ ಇರಿ ಅಂತ ಜನ ಹೇಳಿದ್ರೂ, ಸಾಕಪ್ಪ ಅಂತ ಎದ್ದು ತೋಟಕ್ಕೆ ಹೋಗ್ಬಿಟ್ಟ. ನಾನೂ ಹಂಗೇ ಮಾಡೋದು."

"ನಮಗೆ ತೋಟ ಎಲ್ಲಿದೇರಿ?" ಎಂದರು ಹೆಂಡತಿ ವಿಶಾಲಾಕ್ಷಿ, ಇಡ್ಲಿ ಬಡಿಸುತ್ತ. "ಬಾಲ್ಕನೀಲಿ ಎರಡು ಕೊತ್ತಂಬರಿ ಕುಂಡ ಇದೆ. ಅದರಲ್ಲಿ ಹೋಗಿ ಕೂತ್ಕೋತೀರಾ?"

"ಅಯ್ಯೋ, ಹೋಗೋದು ಯಾರು? ನವೆಂಬರ್‌ಗೆ ಬಳಗದ ಬೆಳ್ಳಿಹಬ್ಬ. ವೇದಿಕೆ ಮೇಲೆ ಮೈಸೂರು ಪೇಟ ತೊಡಿಸೋದು ಅಧ್ಯಕ್ಷರಿಗೆ. ಆ ಪೇಟ ಇನ್ನೊಬ್ಬರ ತಲೆ ಮೇಲೆ ಕೂತ್ರೆ ನನಗೆ ತಲೆ ಯಾಕೆ? ಆದ್ರೆ ಮೂರನೇ ಸಲಾನೂ ನಾನೇ ಇರ್ತೀನಿ ಅಂತ ಬಾಯ್ಬಿಟ್ಟು ಕೇಳಿದ್ರೆ ಅಸಹ್ಯ. ಊಟಕ್ಕೆ ಕೂತಾಗ ಬೇಡ ಬೇಡ ಅಂತ ಎಲೆಗೆ ಕೈ ಅಡ್ಡ ಹಿಡೀತೀವಲ್ಲ, ಆಗ ತಾನೇ ಎರಡು ಹೋಳಿಗೆ ಜಾಸ್ತಿ ಬೀಳೋದು? ನಾನು ಬೇಡ ಅಂತೀನಿ. ಅವರು ಬಡಿಸ್ತಾರೆ."

ನೈರೋಬಿಯ ಗಿಗಿರಿ ಬಡಾವಣೆಯ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಉಮಾಕಾಂತರ ಉದ್ಯೋಗವೆಂದರೆ, ಮುಂದಿನ ಸಭೆ ಯಾವಾಗ ಎಂದು ತೀರ್ಮಾನಿಸುವ ಸಭೆಗಳಿಗೆ ಹೋಗುವುದು. ಹೀಗಾಗಿ ವಿದಾಯ ಭಾಷಣವನ್ನು ಆಫೀಸಿನಲ್ಲೇ ಬರೆದು ಮುಗಿಸಿದ್ದರು. ಯೋಜನೆ ಇಷ್ಟು: ಅದನ್ನು ಬರುವ ಶನಿವಾರ ಹಾಲಿನಲ್ಲಿ ಓದುವುದು, ಸದಸ್ಯರು ಗದ್ಗದಿತರಾಗಿ 'ಹೋಗಬೇಡಿ' ಎನ್ನುವುದು, ತಾವು ಒಂದಷ್ಟು ಹೊತ್ತು ತಲೆ ಅಲ್ಲಾಡಿಸಿ ಕೊನೆಗೆ ತಲೆ ಬಾಗುವುದು. ಕಣ್ಣೊರೆಸಿಕೊಳ್ಳುವ ಕರ್ಚೀಫು ಕೂಡ ಇಸ್ತ್ರಿಯಾಗಿತ್ತು.

"ಬಟ್ ಹಿ ನೆವರ್ ಗೇವ್ ಹಿಸ್ ಫೇರ್‌ವೆಲ್ ಸ್ಪೀಚ್, ಅಪ್ಪ," ಎಂದಳು ಹೈಸ್ಕೂಲಿನ ಮಗಳು ಚಿನ್ಮಯಿ, ಚಟ್ನಿಯಿಂದ ತಲೆಯೆತ್ತದೆ. "ವಾಷಿಂಗ್ಟನ್ ಜಸ್ಟ್ ಪ್ರಿಂಟೆಡ್ ಇಟ್ ಇನ್ ಎ ನ್ಯೂಸ್‌ಪೇಪರ್."

"ಪಾಪ, ವಾಷಿಂಗ್ಟನ್‌ಗೆ ಕಟ್ಟಿಸಿದ ಹಲ್ಲು ಅಂತ ನೀವೇ ಓದಿ ಹೇಳಿದ್ರಲ್ಲ," ಎಂದರು ವಿಶಾಲಾಕ್ಷಿ. "ಕುರ್ಚೀನ ಹಲ್ಲುಕಚ್ಚಿ ಹಿಡ್ಕೊಳ್ಳೋಕೂ ಸ್ವಂತ ಹಲ್ಲು ಬೇಕು."

ಉಮಾಕಾಂತರು ವಾಷಿಂಗ್ಟನ್ ಚರಿತ್ರೆಯ ದಪ್ಪ ಪುಸ್ತಕವನ್ನು ತಿರುವಿ ನೋಡಿದರು. ಮಗಳು ಹೇಳಿದ್ದು ನಿಜವಾಗಿತ್ತು. ಮಾದರಿ ಎಂದಮೇಲೆ ಮಾದರಿ, ಭಾಷಣ ರದ್ದಾಯಿತು. ಬಳಗಕ್ಕೆ ಪತ್ರಿಕೆ ಇರಲಿಲ್ಲ, ವಾಟ್ಸ್ಯಾಪ್ ಗ್ರೂಪ್ ಇತ್ತು. ಮಧ್ಯಾಹ್ನದ ಹೊತ್ತಿಗೆ ವಿದಾಯ ಸಂದೇಶ ಅಲ್ಲಿ ಪ್ರಕಟವಾಯಿತು. ಗುಂಪುಗಾರಿಕೆ ಬೇಡ, ಪರರಾಷ್ಟ್ರಗಳ ಜಗಳಕ್ಕೆ ಸಿಲುಕಬೇಡಿ ಎಂದು ವಾಷಿಂಗ್ಟನ್ ಬರೆದಿದ್ದನ್ನು, ಪಕ್ಕದ ಹಾಲಿನವರ ಪಾರ್ಕಿಂಗ್ ಜಗಳಕ್ಕೆ ಸಿಲುಕಬೇಡಿ ಎಂದು ಸ್ಥಳೀಯಗೊಳಿಸಲಾಗಿತ್ತು. ಕೊನೆಯ ಸಾಲು: 'ಈ ಕ್ಷಣದಿಂದ ಸಕಲ ಅಧಿಕಾರವನ್ನೂ ತ್ಯಜಿಸಿದ್ದೇನೆ.'

ಆಮೇಲೆ ಫೋನನ್ನು ನೀರಿನ ಲೋಟಕ್ಕೆ ಒರಗಿಸಿಟ್ಟು, ಕೈ ಕಟ್ಟಿಕೊಂಡು ಕಾದರು. ಮೊದಲು ಬಂದದ್ದು ದ್ವಾರಕಾನಾಥರ ಹೆಬ್ಬೆರಳಿನ ಗುರುತು. ಮುಂದಿನ ಅಧ್ಯಕ್ಷಗಿರಿಗೆ ಅವರು ಕಣ್ಣಿಟ್ಟಿದ್ದರು, ಆದ್ದರಿಂದ ಬೆರಳು ಚುರುಕಾಗಿತ್ತು. ಹಿಂದೆಯೇ ಯೋಗೀಶ, ಭಾರ್ಗವಿ, ಇನ್ನೂ ಹಲವರು. ಎಲ್ಲರದೂ ಹೆಬ್ಬೆರಳು. ಒಂದು ಅಕ್ಷರವಿಲ್ಲ.

"ಹೋಗಬೇಡಿ ಅಂತ ಒಬ್ಬರೂ ಬರೀತಿಲ್ಲವಲ್ಲೇ. ಅಕ್ಷರಸ್ಥರ ಬಳಗ ಅಂದ್ಕೊಂಡಿದ್ದೆ, ಎಲ್ಲಾ ಹೆಬ್ಬೆಟ್ಟುಗಳು."

"ಹೆಂಗೆ ಬರೀತಾರೆ?" ಎಂದರು ವಿಶಾಲಾಕ್ಷಿ. "ಗುಡ್ ಮಾರ್ನಿಂಗ್ ಹೂವುಗಳ ಕಾಟ ಜಾಸ್ತಿ ಆಯ್ತು ಅಂತ ಗ್ರೂಪಿಗೆ ಬೀಗ ಹಾಕಿಸಿದ್ದು ನೀವೇ. ಅಡ್ಮಿನ್‌ಗಳು ಅಂದ್ರೆ ನೀವು, ಸೆಕ್ರೆಟರಿ ಜೆರೋಮ್. ನೀವಿಬ್ರೇ ಮಾತಾಡಬಹುದು. ನಾವೆಲ್ಲ ಒತ್ತೋದಷ್ಟೇ. ಎಲ್ಲರೂ ಒತ್ತಿದ್ರು, ಬಿಟ್ರೆ ಚೆನ್ನಾಗಿರಲ್ಲ ಅಂತ ನಾನೂ ಒತ್ತಿದೆ."

ಉಮಾಕಾಂತರು ಬೀಗ ತೆಗೆಯಲು ಹೋದರು. ಅವರ ಹೆಸರಿನ ಪಕ್ಕದಲ್ಲಿದ್ದ ಅಡ್ಮಿನ್ ಪದವಿ ಮಾಯವಾಗಿತ್ತು. ಕೂಡಲೇ ಸೌತ್ ಬಿ ಬಡಾವಣೆಯಲ್ಲಿದ್ದ ಕಾರ್ಯದರ್ಶಿ ಜೆರೋಮ್‌ಗೆ ಫೋನ್ ಹೋಯಿತು. ಜೆರೋಮ್ ಮಂಗಳೂರಿನವರು, ಗ್ರೂಪ್ ಕಟ್ಟಿದವರು, ಯಾವ ಕೆಲಸವನ್ನೂ ನಾಳೆಗೆ ಇಡದವರು.

"ಭಾರೀ ಲಾಯ್ಕ ಬರ್ದಿದ್ದೀರಿ ಸರ್. ನನ್ನ ಹೆಂಡ್ತಿ ಲಿಲ್ಲಿ ಓದಿ ಅಳ್ಲಿಕ್ಕೇ ಶುರು ಮಾಡಿದಳು. ಈ ಕ್ಷಣದಿಂದ ಅಂತ ಬರ್ದದ್ದಲ್ವಾ, ಹಾಗೆ ನಿಮ್ಮನ್ನು ಆಗಲೇ ಅಡ್ಮಿನ್‌ನಿಂದ ತೆಗ್ದೆ. ನಿಮಗೆ ತಡ ಮಾಡಿದ್ರೆ ಆಗುದಿಲ್ಲ ಅಂತ ಗೊತ್ತುಂಟು."

"ಅದಿರಲಿ ಜೆರೋಮ್. ಒಂದ್ ಹತ್ತು ನಿಮಿಷ ಗ್ರೂಪ್ ಓಪನ್ ಮಾಡಿ. ಜನಕ್ಕೆ ಏನೇನೋ ಹೇಳ್ಕೋಬೇಕು ಅಂತಿರತ್ತೆ. ಪಾಪ, ಬರೀ ಹೆಬ್ಬೆರಳಲ್ಲಿ ಎಷ್ಟೂಂತ ದುಃಖಪಡ್ತಾರೆ?"

"ಸವಾ ಸರ್, ಆಯ್ತು, ಅದಕ್ಕೆಂತ. ಆದ್ರೆ ಅಧ್ಯಕ್ಷರ ಅಪ್ಪಣೆ ಇಲ್ಲದೆ ಓಪನ್ ಮಾಡ್ಲಿಕ್ಕಿಲ್ಲ ಅಂತ ರೂಲ್ ಉಂಟಲ್ಲ ಮಾರಾಯ್ರೆ. ಹೋದ ಸಭೆಯಲ್ಲಿ ನೀವೇ ಪಾಸ್ ಮಾಡಿಸಿದ್ದು."

"ನಾನೇ ಅಪ್ಪಣೆ ಕೊಡ್ತಿದೀನಲ್ರೀ."

ಆ ಕಡೆ ಜೆರೋಮ್ ಬಳಗದ ನಡಾವಳಿ ಪುಸ್ತಕ ತೆರೆಯುವ ಸದ್ದು ಕೇಳಿಸಿತು. ಆಮೇಲೆ, ಸಾವಿನ ಮನೆಯಲ್ಲಿ ಮಾತಾಡುವ ತಗ್ಗಿದ ದನಿಯಲ್ಲಿ ಕೇಳಿದರು:

"ತಪ್ಪು ತಿಳ್ಕೊಳ್ಬೇಡಿ ಸರ್. ಅಪ್ಪಣೆ ಕೊಟ್ಟದ್ದು ಯಾರು ಅಂತ ಬರ್ಕೊಳ್ಳಲಿ?"