ಖಾಲಿ ಬೆಂಚಿನ ಸತ್ಯ

ಫಲಿತಾಂಶ ನೋಡಲು ಇತಿಹಾಸದ ಮೇಷ್ಟ್ರು ಮೊಬೈಲ್ ತೆಗೆದರು. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಕೈಲಿದ್ದ ಕೆಲಸ ಬಿಟ್ಟು ತರ್ಕಶಾಸ್ತ್ರದ ಮೇಡಂ ಕಡೆ ತಿರುಗಿದರು.

"ಇಷ್ಟು ವರ್ಷದ ಜಂಬ ಇವತ್ತು ಇಳಿಯುತ್ತೆ ನೋಡಿ," ಎಂದರು ಮೇಷ್ಟ್ರು.

ಜಂಬ ಇದ್ದದ್ದು ಹೌದು. ಆ ಕಾಲೇಜಿನಲ್ಲಿ ತರ್ಕಶಾಸ್ತ್ರ ಆರಿಸಿಕೊಂಡವರು ಹೋದ ವರ್ಷದವರೆಗೆ ಒಬ್ಬರೂ ಇರಲಿಲ್ಲ. ರಜೆ ಹಾಕಿದವರ ಪೀರಿಯಡ್ಡುಗಳಿಗೆ ಹೋಗಿ ಕೂರುವುದೇ ಮೇಡಂ ಪಾಲಿನ ಪಾಠ. ಆದರೂ ತಲೆಯೆತ್ತಿ ಹೇಳುತ್ತಿದ್ದರು: "ನನ್ನ ವಿದ್ಯಾರ್ಥಿಗಳೆಲ್ಲ ಪಾಸ್. ಸುಳ್ಳು ಅನ್ನೋದಾದ್ರೆ ಫೇಲಾದ ಒಬ್ಬರನ್ನ ಕರ್ಕೊಂಡು ಬನ್ನಿ." ಎಲ್ಲಿಂದ ಕರೆತರುವುದು? ಸದಸ್ಯರೇ ಇಲ್ಲದ ಶೂನ್ಯಗಣ ಅದು. ಕೇಳಿದವರು ಹಲ್ಲು ಕಡಿಯುತ್ತಿದ್ದರು.

ಈ ವರ್ಷ ಒಬ್ಬಳು ಸೇರಿದ್ದಳು. ಮಾತುಮಾತಿಗೂ ಅಡ್ಡ ಪ್ರಶ್ನೆ ಹಾಕುವ ಅವಳಿಗೆ ಕಾಲೇಜು ಇಟ್ಟ ಹೆಸರು 'ಆದ್ರೆ'. ಬೇರೆ ವಿಷಯದವರು ಈ ತಲೆನೋವು ಬೇಡವೆಂದು ಕೈ ಚೆಲ್ಲಿದ್ದರು. ಸಾಲದ್ದಕ್ಕೆ ಹೋದ ವರ್ಷ ಬೇರೆ ವಿಷಯ ತೆಗೆದುಕೊಂಡು ಫೇಲಾಗಿದ್ದಳು. "ಆಗಲ್ಲ ಅಂದುಬಿಡಿ, ನಿಮ್ಮ ಮಾತಾದ್ರೂ ಉಳಿಯುತ್ತೆ," ಎಂದು ಎಲ್ಲರೂ ಬುದ್ಧಿ ಹೇಳಿದರು. ಮೇಡಂ ಕಿವಿಗೆ ಹಾಕಿಕೊಳ್ಳದೆ ಅವಳ ಅರ್ಜಿಗೆ ಸಹಿ ಹಾಕಿದ್ದರು. ಆಮೇಲೆ ವರ್ಷವಿಡೀ ಒಂದೇ ಬೆಂಚಿನ ತರಗತಿಯಲ್ಲಿ ಇಬ್ಬರ ವಾದ, ಇಡೀ ಕಾರಿಡಾರಿಗೆ ಕೇಳುವಷ್ಟು.

ಈಗ ಆ ಹುಡುಗಿ ಬಾಗಿಲಲ್ಲಿ ಬಂದು ನಿಂತಿದ್ದಳು.

"ಪಾಸ್," ಎಂದರು ಮೇಷ್ಟ್ರು, ದನಿ ಇಳಿಸಿ. "ಅದೂ ಫಸ್ಟ್ ಕ್ಲಾಸು."

ಮೇಡಂ ಸೆರಗು ಸರಿಪಡಿಸಿಕೊಂಡು ಎದ್ದು ನಿಂತರು. "ಕೇಳಿಸ್ತಲ್ಲ? ನನ್ನ ವಿದ್ಯಾರ್ಥಿಗಳೆಲ್ಲ ಪಾಸ್. ಮೊದಲೂ ನಿಜ, ಈಗಲೂ ನಿಜ."

"ಆದ್ರೆ ಮೇಡಂ," ಎಂದಳು ಹುಡುಗಿ, "ನಾನು ಸೇರೋಕೆ ಮುಂಚೆ, 'ನಿಮ್ಮ ವಿದ್ಯಾರ್ಥಿಗಳೆಲ್ಲ ಫೇಲ್' ಅಂತ ಯಾರಾದ್ರೂ ಅಂದಿದ್ರೆ ಅದೂ ನಿಜಾನೇ ಆಗ್ತಿತ್ತಲ್ವಾ? ಪಾಸಾದ ಒಬ್ಬರನ್ನ ತೋರಿಸೋಕೆ ನಿಮ್ಮ ಕೈಲೂ ಆಗ್ತಿರಲಿಲ್ಲ."

ಮೇಷ್ಟ್ರು ಹಣೆ ಚಚ್ಚಿಕೊಂಡರು. ಇಷ್ಟು ಸುಲಭದ ಉತ್ತರ ಇಷ್ಟು ವರ್ಷ ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮೇಡಂಗೆ ಗೊತ್ತಿತ್ತು; ಯಾರಾದರೂ ಕೇಳಿಬಿಟ್ಟಾರೆಂದು ಒಳಗೊಳಗೇ ಅಳುಕಿದ್ದರು. ಕೊನೆಗೆ ಕೇಳಿದವಳು ತಾವೇ ಕಲಿಸಿದ ಹುಡುಗಿ. ಹೆಮ್ಮೆಯಿಂದ ಅವಳ ಬೆನ್ನು ತಟ್ಟಿದರು.

"ಆಗ್ತಿತ್ತು ಕಣೇ," ಎಂದರು. "ಈಗ ಪಾಸಾಗಿ ಅದನ್ನ ಸುಳ್ಳು ಮಾಡಿದವಳು ನೀನು."